ನಿಂತಲ್ಲೇ ಓಡುತ್ತಿದ್ದ ಕಾರು

ಸುಮಾತ್ರದ ನಮ್ಮ ಕಡೆ ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಬರುತ್ತಾನೆ. ಬರುವಾಗ ಮೈಮೇಲಿನ ಬಟ್ಟೆ, ಹೋಗುವಾಗಲೂ ಮೈಮೇಲಿನ ಬಟ್ಟೆ. ಮನೆ, ಗದ್ದೆ, ಮಕ್ಕಳು ಎಲ್ಲವೂ ಹೆಣ್ಣಿನ ಕಡೆಯವು. ಅವುಗಳ ಬಗ್ಗೆ ಕೊನೆಯ ಮಾತು ಹೆಣ್ಣಿನ ಸೋದರಮಾವನದು. ಮನೆ ಅಳಿಯ ಎಂದರೆ ಸುಟ್ಟ ಬೊಡ್ಡೆಯ ಮೇಲಿನ ಬೂದಿ, ಗಾಳಿ ಬೀಸಿದರೆ ಹಾರಿಹೋಗುವಂಥದ್ದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ನನ್ನ ಅಕ್ಕ ರೋಸ್ನಿಯ ಗಂಡ ಹಾರಿಹೋದದ್ದು ಮೀನಿನ ತಲೆಯ ವಿಷಯಕ್ಕೆ. ಸಾರಿನಲ್ಲಿದ್ದ ತಲೆ ಯಾರು ತಿಂದರು ಎಂದು ನಮ್ಮ ಅಮಾಕ್, ಅಂದರೆ ನಮ್ಮ ತಾಯಿ, ಸುಮ್ಮನೆ ಕೇಳಿದಳು. ಮರುದಿನ ಬೆಳಗಿನ ಬಸ್ಸಿಗೆ ತನ್ನ ತಾಯಿಯ ಮನೆಗೆ ಹೋದವನು ಇವತ್ತಿಗೂ ಬಂದಿಲ್ಲ. ನನ್ನ ಗಂಡ ಹೊರಟು ನಿಂತದ್ದು ಪೆಟ್ರೋಲಿನ ವಿಷಯಕ್ಕೆ.

ಕಾರು ಬೇಕು ಅಂದವಳು ನಾನೇ. ಅಕ್ಕ ಮತ್ತು ನಾನು ಹಿತ್ತಲಿನ ಒಲೆಯಲ್ಲಿ ಮರಗೆಣಸಿನ ಚಿಪ್ಸ್ ಕರಿದು, ಕೆಂಪು ಮೆಣಸಿನಕಾಯಿಯ ಮಸಾಲೆ ಹಚ್ಚಿ, ಬುಕಿಟ್ಟಿಂಗಿಯ ಮಾರುಕಟ್ಟೆಗೂ, ಪಾದಾಂಗ್ ಪಾಂಜಾಂಗ್‌ನಿಂದ ಕೆಳಗಿಳಿಯುವ ಘಟ್ಟದ ದಾರಿಯ ಅಂಗಡಿಗಳಿಗೂ ಹಾಕುತ್ತೇವೆ. ಬಾಡಿಗೆ ಗಾಡಿಯವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಚಿಪ್ಸ್ ಮೆತ್ತಗಾದರೆ ಬೈಗುಳ ನಮಗೆ. ಅಮಾಕ್‌ಳ ಅಣ್ಣ ನಮ್ಮ ಮನೆತನದ ಯಜಮಾನರು; ದಾತುಕ್ ಎಂಬುದು ಆ ಯಜಮಾನಿಕೆಯ ಪದವಿ. ನಾವು ದಾತುಕ್ ಮಾಮ ಎನ್ನುತ್ತೇವೆ. ಅವರು ಯೋಚನೆ ಮಾಡುತ್ತೇನೆ ಎಂದು ಹೇಳಿ ಒಂದು ಸುಗ್ಗಿ ಕಳೆಯುವವರೆಗೆ ಯೋಚಿಸಿದರು. ಆಮೇಲೆ ನಮ್ಮ ಜೊತೆ ತಾವೇ ಅಂಗಡಿಗೆ ಬಂದರು, ಕರೀ ಟೋಪಿ ತೊಟ್ಟು, ಮದುವೆಗೆ ಹೊರಟವರ ಹಾಗೆ.

ಕಾರಿನ ಅಂಗಡಿಯ ಹುಡುಗಿ ಹೇಳಿದ್ದು ಇಷ್ಟು: ಇಂಜಿನ್ನು ಸಣ್ಣದು, ಆದರೆ ಟರ್ಬೊ ಇದೆ, ಗುಡ್ಡ ಹತ್ತುವಾಗ ದೊಡ್ಡ ಗಾಡಿಯ ಹಾಗೆ ಹತ್ತುತ್ತದೆ, ಖರ್ಚು ಮಾತ್ರ ಸಣ್ಣ ಗಾಡಿಯದು, ಲೀಟರಿಗೆ ಹದಿನೆಂಟು ಕಿಲೋಮೀಟರು. ಗೇರು ತಾನೇ ಬೀಳುವ ಗಾಡಿಯೂ ಇತ್ತು. ನನ್ನ ಗಂಡ, ಅವರನ್ನು ನಾನು ಉದಾ ಎನ್ನುತ್ತೇನೆ, ಬೇಡವೇ ಬೇಡ ಎಂದರು. ಅರ್ಧ ಆಯಸ್ಸು ಸುಮಾತ್ರದಿಂದ ಜಾವಾಕ್ಕೆ ಡೀಸೆಲ್ ಬಸ್ಸು ಓಡಿಸಿದ ಕೈಗೆ ಗೇರು ಬೇಕು. ಹೀಗೆ ಕೆಂಪು ಕಾರು ಬಂತು, ಎರಡು ಕೀಲಿಯ ಸಮೇತ. ಒಂದು ಉದಾನ ಕೈಗೆ. ಇನ್ನೊಂದು ದಾತುಕ್ ಮಾಮನ ಜೇಬಿಗೆ, ಏಕೆಂದರೆ ಅದು ಮನೆತನದ ಆಸ್ತಿ.

ಹದಿನೆಂಟು ಕೊಡಬೇಕಾದ ಕಾರು ಹತ್ತೂ ಕೊಡಲಿಲ್ಲ.

ಮೊದಲ ತಿಂಗಳು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸರ್ವೀಸಿನವನು, ಹೊಸ ಇಂಜಿನ್ನು ಬಿಗಿ ಇರುತ್ತೆ, ಓಡ್ತಾ ಓಡ್ತಾ ಸಡಿಲ ಆಗುತ್ತೆ ಎಂದ. "ನನ್ನ ಸೊಂಟಾನೂ ಹುಟ್ಟಿದಾಗಿಂದ ಓಡ್ತಾನೇ ಇದೆ, ಇನ್ನೂ ಬಿಗೀನೇ ಇದೆಯಲ್ಲ," ಎಂದಳು ಅಮಾಕ್. ಎರಡನೇ ತಿಂಗಳೂ ಹಾಗೇ. ವಾರಕ್ಕೆ ಒಂದು ಸಲ ತುಂಬಿಸಿದರೆ ಸಾಕು ಅಂದುಕೊಂಡಿದ್ದ ಟ್ಯಾಂಕು ವಾರದ ನಡುವೆಯೇ ಬಾಯಿ ಬಿಡುತ್ತಿತ್ತು. ಮನೆಯಲ್ಲಿ ಮುಖಗಳು ಬದಲಾದವು.

ನಮ್ಮಲ್ಲಿ ಅಳಿಯನಿಗೆ ಮುಖಕ್ಕೆ ಹೊಡೆದ ಹಾಗೆ ಏನನ್ನೂ ಹೇಳುವಂತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಬೇಕು, ಅವನೂ ಹಾಗೇ ಉತ್ತರ ಕೊಡಬೇಕು. ಅದೇ ಮರ್ಯಾದೆ. ಒಂದು ಸಂಜೆ ದಾತುಕ್ ಮಾಮ ಜಗಲಿಯಲ್ಲಿ ಕೂತು ಅಂಗಳದ ಕೋಳಿಗಳನ್ನು ನೋಡುತ್ತಿದ್ದರು. ಉದಾ ಪಕ್ಕದಲ್ಲಿ ಟೈರಿನ ಗಾಳಿ ಪರೀಕ್ಷಿಸುತ್ತಿದ್ದರು.

"ಕೆಲವು ಕೋಳಿಗಳೇ ಹಾಗೆ," ಎಂದರು ಮಾಮ, ಯಾರಿಗೋ ಎಂಬಂತೆ. "ಕಾಳು ಈ ಅಂಗಳದಲ್ಲಿ ತಿಂತವೆ. ಮೊಟ್ಟೆ ಇನ್ನೆಲ್ಲೋ ಹೋಗಿ ಇಡ್ತವೆ."

ಉದಾ ತಲೆ ಎತ್ತಲಿಲ್ಲ. "ಅಂಥ ಕೋಳಿ ಕಾಲಿಗೆ ದಾರ ಕಟ್ಟಿ ನೋಡಬಹುದು ಮಾಮ," ಎಂದರು.

"ದಾರ ಕಟ್ಟೋ ವಯಸ್ಸಾ ನಂದು."

ಅಷ್ಟೇ ಮಾತು. ಆದರೆ ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಉದಾನ ತಾಯಿಯ ಮನೆ ಸಿಂಗ್ಕಾರಕ್ ಸರೋವರದ ದಂಡೆಯಲ್ಲಿ, ಅಲ್ಲಿ ಅವರ ಇಬ್ಬರು ತಂಗಿಯರು ಮೀನು ಒಣಗಿಸಿ ಮಾರುತ್ತಾರೆ. ನಮ್ಮ ಪೆಟ್ರೋಲಿನಲ್ಲಿ ಅವರ ಮೀನು ಸಾಗಿಸುತ್ತಿದ್ದಾನೆ ಅಳಿಯ ಎಂದು ಮಾಮನ ಅನುಮಾನ. ಮಾಮನಿಗೆ ಬಂದ ಅನುಮಾನ ಊರಿಗೆ ಬರಲು ಎಷ್ಟು ಹೊತ್ತು. ಕಾಫಿ ಅಂಗಡಿಯ ಜಮ್ರಿ, ನಮ್ಮ ಓಣಿಯ ಬಾಯಿಬಡುಕ, ಎಲ್ಲರೆದುರು ಕೇಳಿದನಂತೆ: "ಏನ್ ಸುತಾನ್, ನಿಮ್ಮ ಗಾಡಿಗೆ ಹಾಕಿರೋದು ಟರ್ಬೊನೋ ಇಲ್ಲಾ ಗದ್ದೆಗೆ ನೀರೆತ್ತೋ ಪಂಪೋ? ಸರೋವರದ ಕಡೆ ಗಾಳಿ ಚೆನ್ನಾಗಿದೆಯಂತೆ ಈಚೆಗೆ." ಸುತಾನ್ ಎಂಬುದು ಉದಾನಿಗೆ ಮದುವೆಯ ದಿನ ಕೊಟ್ಟ ಬಿರುದು. ಬಿರುದು ಹಿಡಿದು ಕರೆದೇ ಚುಚ್ಚಿದ, ನೋಡಿ. ಉದಾ ನಕ್ಕು ತೆಂಗಿನ ಚಿಪ್ಪಿನಲ್ಲಿದ್ದ ಕಾಫಿಯೆಲೆಯ ಕಷಾಯ ಕುಡಿದು ಎದ್ದು ಬಂದರಂತೆ. ಇದನ್ನು ನನಗೆ ಹೇಳಿದ್ದು ಜಮ್ರಿಯ ಹೆಂಡತಿ, ಉದಾ ಅಲ್ಲ.

ನನಗೆ ತಡೆಯಲಾಗಲಿಲ್ಲ. ಮರುದಿನ ಚಿಪ್ಸ್ ಹೇರಿಕೊಂಡು ಘಟ್ಟ ಇಳಿಯುವಾಗ ಮುಂದಿನ ಸೀಟಿನಲ್ಲಿ ನಾನೇ ಕೂತೆ. ಸ್ಟೇರಿಂಗಿನ ಹಿಂದೆ ಒಂದು ಸಣ್ಣ ಪರದೆ ಇದೆ. ಆ ಕ್ಷಣಕ್ಕೆ ಕಾರು ಲೀಟರಿಗೆ ಎಷ್ಟು ಕೊಡುತ್ತಿದೆ ಎಂದು ಗೆರೆಗಳಲ್ಲಿ ತೋರಿಸುತ್ತದೆ, ಪಕ್ಕದಲ್ಲಿ ಒಟ್ಟು ಸರಾಸರಿ. ಅದನ್ನೇ ನೋಡುತ್ತ ಕೂತೆ. ಬುಕಿಟ್ಟಿಂಗಿ ದಾಟಿ ಏರು ಬಂತು. ಉದಾ ಐದನೇ ಗೇರಿನಲ್ಲೇ ಕಾಲು ಒತ್ತಿದರು. ಗೆರೆಗಳು ಸರ್ರನೆ ನೆಲ ಕಚ್ಚಿದವು.

"ಗೆರೆ ಎಲ್ಲಾ ಸತ್ತೇ ಹೋಯ್ತು. ಏನ್ ಮಾಡಿದ್ರಿ ಉದಾ?"

"ಏನೂ ಮಾಡಿಲ್ಲ. ದೊಡ್ಡ ಗೇರಲ್ಲಿ ಹೋದ್ರೆ ಎಣ್ಣೆ ಉಳಿಯುತ್ತೆ."

"ಬಸ್ಸಲ್ಲಿ ಉಳೀತಿತ್ತೇನೋ. ಇದು ಏದುಸಿರು ಬಿಡ್ತಾ ಇದೆ, ಕೇಳಿಸ್ತಿಲ್ವಾ? ಮೂರಕ್ಕೆ ಹಾಕಿ ನೋಡಿ."

"ಬಸ್ಸು ಓಡಿಸಿದ್ದು ನಾನೋ ನೀನೋ?"

"ಬಸ್ಸು ಓಡಿಸಿದ್ದು ನೀವು. ಗೆರೆ ನೋಡ್ತಿರೋದು ನಾನು."

ಮೂರಕ್ಕೆ ಹಾಕಿದರು, ಕಾಲು ಹಗುರ ಮಾಡಿದರು. ಗೆರೆ ಮೇಲೆದ್ದವು. ಉದಾ ಮೀಸೆಯಲ್ಲೇ ನಕ್ಕರು. ಸಣ್ಣ ಇಂಜಿನ್ನನ್ನು ದೊಡ್ಡ ಗೇರಿನಲ್ಲಿ ಹಿಂಡಿದರೆ ಟರ್ಬೊ ಅದರ ಬಾಯಿಗೆ ಗಾಳಿ ತುರುಕುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲು ಸುರಿಯಲೇಬೇಕು. ಇದು ಅವರಿಗೆ ಮುಂದಿನ ಎರಡು ತಿರುವಿನಲ್ಲಿ ಅರ್ಥವಾಯಿತು. ಇಳಿಜಾರು ಬಂದಾಗ ಇನ್ನೊಂದು. ಬಸ್ಸಿನವರ ಹಳೇ ಚಾಳಿ, ಇಳಿಜಾರು ಕಂಡರೆ ನ್ಯೂಟ್ರಲ್ಲಿಗೆ ಹಾಕಿ ಬಿಡುವುದು. ಹಾಗೆ ಬಿಟ್ಟಾಗ ಗೆರೆ ಒಂದು ಮಟ್ಟದಲ್ಲಿ ನಿಂತಿತು. ಗೇರಿನಲ್ಲೇ ಇಟ್ಟು ಕಾಲು ತೆಗೆದಾಗ ಪರದೆಯ ತುದಿ ಮುಟ್ಟಿತು.

"ಗೇರಲ್ಲಿದ್ರೆ ಚಕ್ರಾನೇ ಇಂಜಿನ್ನನ್ನ ತಿರುಗಿಸುತ್ತೆ," ಎಂದರು ಉದಾ ನಿಧಾನವಾಗಿ. "ಪೆಟ್ರೋಲೇ ಕುಡಿಯಲ್ಲ ಅದು ಆಗ. ಇಷ್ಟು ದಿನ ನಾನು ಪುಕ್ಕಟೆ ಊಟ ಇದ್ದ ಕಡೆ ದುಡ್ಡು ಕೊಟ್ಟು ತಿನ್ನಿಸ್ತಿದ್ದೆ."

ಹೀಗೆ ಒಂದು ವಾರ ನಾವಿಬ್ಬರೂ ಕಾರನ್ನು ಪಳಗಿಸಿದೆವು, ಅಥವಾ ಕಾರು ನಮ್ಮನ್ನು ಪಳಗಿಸಿತು. ಟೈರಿಗೆ ಬೇಕಾದಷ್ಟು ಗಾಳಿ ಹಾಕಿಸಿದೆವು. ಅಗ್ಗದ ಪೆಟ್ರೋಲು ಬಿಟ್ಟು ಟರ್ಬೊ ಗಾಡಿಗೆ ಹೇಳಿದ ಪೆಟ್ರೋಲು ಹಾಕಿಸಿದೆವು. ಊರು ಮುಟ್ಟಿದ ಮೇಲೆ ಟರ್ಬೊ ತಣಿಯಲಿ ಎಂದು ಇಂಜಿನ್ನು ಉರಿಸುತ್ತ ನಿಲ್ಲುವ ಚಟವನ್ನೂ ಬಿಡಿಸಿದೆ. ಊರಿನ ಒಳದಾರಿಯಲ್ಲಿ ಮೆಲ್ಲಗೆ ಬರುವಷ್ಟರಲ್ಲಿ ಅದು ತಣಿದಿರುತ್ತದೆ. ಹಾಡು ಹಾಕಿಕೊಂಡು, ಮುರಿದ ಚಿಪ್ಸ್ ತಿಂದುಕೊಂಡು, ಹದಿನೈದು ಬಂತು ಹದಿನಾರು ಬಂತು ಎಂದು ಕೂಗುತ್ತ ಹೋದ ಆ ವಾರದಷ್ಟು ನಾನು ಗಂಡನ ಜೊತೆ ನಕ್ಕದ್ದು ಮದುವೆಯಾದ ಹೊಸತರಲ್ಲೂ ಇಲ್ಲ.

ದಾರಿಯಲ್ಲಿ ಹದಿನಾರು. ಆದರೆ ಟ್ಯಾಂಕು ಮಾತ್ರ ಹೆಚ್ಚುಕಡಿಮೆ ಮೊದಲಿನ ಹಾಗೇ ಖಾಲಿಯಾಗುತ್ತಿತ್ತು.

ಆಗ ನಾನು ಇನ್ನೊಂದು ಗಮನಿಸಿದೆ. ದಿನಾ ಬೆಳಗ್ಗೆ ನಾನು ಕಾರು ಹತ್ತುವ ಮುಂಚೆಯೇ ಉದಾ ಒಂದು ಗುಂಡಿ ಒತ್ತಿ ಸರಾಸರಿಯನ್ನು ಸೊನ್ನೆ ಮಾಡಿಬಿಡುತ್ತಿದ್ದರು.

"ಯಾಕೆ ಅಳಿಸ್ತೀರಿ?"

"ದಿನದ ಲೆಕ್ಕ ದಿನಕ್ಕೆ ಇರ್ಲಿ ಅಂತ."

ನಾನು ಚಿಪ್ಸ್ ಕರಿಯುವ ಹೊತ್ತಿನಲ್ಲಿ ಇವರು ನಿಜಕ್ಕೂ ಸರೋವರದ ಕಡೆ ಹೋಗಿ ಬರುತ್ತಾರಾ? ತಾಯಿಗೆ ಮಗ ಬೇಡವೇ, ತಂಗಿಯರಿಗೆ ಅಣ್ಣ ಬೇಡವೇ, ಕೇಳಿದ್ದರೆ ನಾನೇ ಕಳಿಸುತ್ತಿದ್ದೆ. ಕದ್ದು ಯಾಕೆ ಹೋಗಬೇಕು? ಹೀಗೆಲ್ಲ ಯೋಚಿಸಿದೆ. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಮೀನಿನ ತಲೆಯ ಕತೆಯೇ ಆಗುತ್ತಿತ್ತು.

ಶುಕ್ರವಾರದ ನಮಾಜು ಮುಗಿಸಿ ಬಂದ ದಾತುಕ್ ಮಾಮ ಊಟಕ್ಕೆ ಕೂತಾಗ ಅಮಾಕ್‌ಗೆ ಹೇಳಿದರು, ಒಳಗೆ ಉದಾನಿಗೆ ಕೇಳಿಸುವಷ್ಟು ಗಟ್ಟಿಯಾಗಿ: "ಭಾನುವಾರ ಮಧ್ಯಾಹ್ನ ಎಲ್ಲರೂ ಚಾಪೆ ಮೇಲೆ ಕೂತ್ಕೊಳ್ಳೋಣ. ಬಾಸೋ ಪೇಟೆಯಲ್ಲಿ ಒಬ್ಬ ಡ್ರೈವರ್‌ನ ನೋಡಿದೀನಿ. ಒಳ್ಳೆಯವನು. ಕೀಲಿ ಅವನ ಕೈಗೆ ಕೊಟ್ರೆ ಎಲ್ಲರಿಗೂ ನೆಮ್ಮದಿ."

ಊಟವಾದ ಮೇಲೆ ಕೋಣೆಗೆ ಹೋದರೆ ಉದಾನ ಅಂಗಿಗಳೆಲ್ಲ ಮಡಿಸಿ ಬಾಗಿಲ ಪಕ್ಕ ಇಟ್ಟಿದ್ದವು.

"ಒಗೆಯೋಕಾ?"

"ಇಲ್ಲ. ಒಗೆದವೇ ಅವು."

ಕೀಲಿ ಹೋದರೆ ಅವರೂ ಹೋಗುತ್ತಾರೆ. ಜಗಳ ಆಡಿ ಹೋಗುವ ಗಂಡಸಲ್ಲ. ಬಸ್ಸಿನಿಂದ ಇಳಿಯುವ ಹಾಗೆ ಸದ್ದಿಲ್ಲದೆ ಇಳಿದುಹೋಗುತ್ತಾರೆ. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ, ಬೇಕಾದದ್ದಕ್ಕಿಂತ ಹೆಚ್ಚು. ಆ ಮನುಷ್ಯ ಇಲ್ಲದ ಮನೆ ನನಗೆ ಬೇಡವಾಗಿತ್ತು. ಮನೆ ನನ್ನದೇ ಆಗಿದ್ದರೇನು.

ಬಿಸಿಲಿಳಿದ ಮೇಲೆ ಇಬ್ಬರೂ ಬುಕಿಟ್ಟಿಂಗಿಗೆ ಹೋಗಿ ಚಿಪ್ಸ್ ಇಳಿಸಿ, ಬರುವಾಗ ಟ್ಯಾಂಕು ತುಂಬಿಸಿದೆವು. ಸರಾಸರಿಯನ್ನು ನಾನೇ ಸೊನ್ನೆ ಮಾಡಿದೆ. ಮನೆ ಮುಟ್ಟಿದಾಗ ಹದಿನಾರು ತೋರಿಸುತ್ತಿತ್ತು. ಶನಿವಾರ ಮೂಟೆ ತುಂಬಲು ನಾನು ಬೇಗ ಅಂಗಳಕ್ಕೆ ಬಂದೆ. ಉದಾ ಇನ್ನೂ ಕಾಫಿ ಅಂಗಡಿಯಿಂದ ಬಂದಿರಲಿಲ್ಲ. ಬೆಳಗ್ಗೆ ಹೆಂಡತಿಯ ಮನೆಯಲ್ಲಿ ಕಾಲು ಚಾಚಿ ಕೂರುವ ಗಂಡಸಿಗೆ ನಮ್ಮಲ್ಲಿ ಬೆಲೆ ಇಲ್ಲ, ಎಲ್ಲರೂ ಅಲ್ಲಿಗೆ ಹೋಗಲೇಬೇಕು. ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ತಗೊಂಡು ಬಂದು ತಿರುಗಿಸಿದೆ. ಪರದೆ ಹೊತ್ತಿಕೊಂಡಿತು.

ಒಂಬತ್ತು.

ಕಾರಿನ ಹಿಂದೆ ನಸುಕಿನಲ್ಲಿ ನಾನೇ ಹರಡಿದ ಗೆಣಸಿನ ತಟ್ಟೆಗಳಿದ್ದವು. ಒಂದೂ ಅಲುಗಿರಲಿಲ್ಲ. ಚಕ್ರ ಒಂದು ಗೇಣೂ ಉರುಳಿಲ್ಲ, ಆದರೂ ರಾತ್ರಿಯ ಹದಿನಾರು ಬೆಳಗ್ಗೆ ಒಂಬತ್ತಾಗಿದೆ. ಕಾರು ನಿಂತಲ್ಲೇ ಓಡಿದೆ. ಉದಾ ಸರೋವರಕ್ಕೆ ಹೋಗುತ್ತಿಲ್ಲ ಎಂದು ತಿಳಿದು ನನಗೆ ಅಲ್ಲೇ ಕೂತು ಅಳುವಷ್ಟು ಸಮಾಧಾನವಾಯಿತು. ಆಮೇಲೆ ಸಿಟ್ಟು ಬಂತು. ಹಾಗಾದರೆ ಯಾರು?

ಭಾನುವಾರ ಬೆಳಗ್ಗೆ ಬಾಣಲೆಯನ್ನು ಅಕ್ಕನ ಕೈಗೆ ಕೊಟ್ಟು ಮುಂದಿನ ಕಿಟಕಿಯ ಹತ್ತಿರ ನಿಂತೆ. ನಮ್ಮ ಊರಿನಲ್ಲಿ ಬೆಳಗಿನ ನಮಾಜು ಆದ ಮೇಲೆ ಗಾಡಿ ಇದ್ದವರೆಲ್ಲ ಅಂಗಳದಲ್ಲಿ ಗಾಡಿ ಬಿಸಿ ಮಾಡುತ್ತಾರೆ. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಮಾಡುತ್ತಾರೆ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ. ನಮ್ಮ ಅಂಗಳದಿಂದಲೂ ಆ ಸದ್ದು ದಿನಾ ಹಿತ್ತಲಿಗೆ ಕೇಳುತ್ತಿತ್ತು. ಕೋಳಿ ಕೂಗಿದ್ದನ್ನು ಯಾರಾದರೂ ಲೆಕ್ಕ ಇಡುತ್ತಾರಾ? ಉದಾ ಬಿಸಿ ಮಾಡಿ ಕಾಫಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಉದಾ ಎಂದೋ ಹೋಗಿಯಾಗಿತ್ತು. ಕಾರಿನಲ್ಲಿದ್ದವರು ದಾತುಕ್ ಮಾಮ.

ಗಾಜುಗಳನ್ನು ಏರಿಸಿಕೊಂಡು, ಎಸಿ ಹಾಕಿಕೊಂಡು, ಕರೀ ಟೋಪಿ ತೊಟ್ಟು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಎರಡು ಕೈಯೂ ಸ್ಟೇರಿಂಗಿನ ಮೇಲೆ. ಕ್ಲಚ್ಚು ಒತ್ತಿಯೇ ಹಿಡಿದು ಗೇರಿನ ಕಡ್ಡಿಯನ್ನು ಒಂದಕ್ಕೆ ಎಳೆದರು, ಸ್ವಲ್ಪ ಹೊತ್ತು ದಾರಿ ನೋಡಿದರು, ಎರಡಕ್ಕೆ ಹಾಕಿದರು. ಬಲಗಡೆ ಕನ್ನಡಿ ನೋಡಿಕೊಂಡು ಯಾರನ್ನೋ ಮುಂದೆ ಹೋಗಲು ಬಿಟ್ಟರು. ಘಟ್ಟದ ತಿರುವು ಬಂದಿರಬೇಕು, ಮೈ ಒಂದು ಬದಿಗೆ ವಾಲಿತು. ಮಾಮನಿಗೆ ಗಾಡಿ ಓಡಿಸಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಎತ್ತಿನ ಗಾಡಿ, ದೊಡ್ಡವರಾದ ಮೇಲೆ ಯಜಮಾನಿಕೆ. ಯಜಮಾನನಾದವನು ಯಾರ ಹತ್ತಿರ ಹೋಗಿ ಕಲಿಸಿಕೊಡು ಎನ್ನುತ್ತಾನೆ? ಊರಿನ ಮದುವೆ, ಗದ್ದೆ, ಜಗಳ ಎಲ್ಲದಕ್ಕೂ ಅವರದೇ ಮಾತು, ಆದರೆ ಎಲ್ಲಿಗೆ ಹೋಗುವುದಿದ್ದರೂ ಇನ್ನೊಬ್ಬರ ಪಕ್ಕದ ಸೀಟು. ಆ ಮುಖದಲ್ಲಿ ಅಷ್ಟು ಹಗುರ ನಾನು ಎಂದೂ ನೋಡಿರಲಿಲ್ಲ. ಅವರು ನನ್ನನ್ನು ನೋಡುವ ಮುಂಚೆ ಕಿಟಕಿಯಿಂದ ಹಿಂದೆ ಸರಿದೆ. ಒಂದು ಬಾಣಲೆ ಚಿಪ್ಸ್ ಕರಿದು ಮುಗಿದರೂ ಇಂಜಿನ್ನು ಉರಿಯುತ್ತಲೇ ಇತ್ತು.

ಕಾಫಿ ಅಂಗಡಿಗೆ ಹೆಂಗಸರು ಹೋಗುವುದಿಲ್ಲ. ನಾನು ಎದುರಿನ ಹಲಸಿನ ಮರದ ಕೆಳಗೆ ನಿಂತೆ. ಉದಾ ಮೂಲೆಯ ಬೆಂಚಿನಿಂದ ಎದ್ದು ಬಂದರು. ಅವರು ಎದ್ದ ಮೇಲೆ ನಾನು ಆ ಬೆಂಚಿನ ನೇರಕ್ಕೆ ತಿರುಗಿ ನೋಡಿದೆ. ನಮ್ಮ ಅಂಗಳ, ಕೆಂಪು ಕಾರು, ಗಾಜಿನೊಳಗಿನ ಕರೀ ಟೋಪಿ, ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು.

"ನಿಮಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಅದಕ್ಕೇ ದಿನಾ ಗುಂಡಿ ಒತ್ತಿ ಅಳಿಸ್ತಿದ್ರಿ. ನನಗೂ ಗೊತ್ತಾಗಬಾರದು ಅಂತ."

"ನಿನ್ನ ಬಾಯಿ ನನಗೆ ಗೊತ್ತಿಲ್ವಾ ನೆಲಿಸ್."

"ನನ್ನ ಬಾಯಿಗೇನಾಗಿದೆ? ಊರೆಲ್ಲಾ ನಿಮ್ಮನ್ನ ಕಳ್ಳ ಅಂತಿದೆ. ಮಧ್ಯಾಹ್ನ ಕೀಲಿ ಕಿತ್ಕೊಳ್ತಾರೆ. ನೀವು ಅಂಗಿ ಮಡಿಸಿಟ್ಕೊಂಡು ಕೂತಿದೀರಿ. ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ."

"ಯಾರಿಗೆ ಹೇಳ್ಲಿ? ಹೆಂಡತಿಯ ಸೋದರಮಾವನಿಗೆ, 'ಮಾಮ, ನೀವು ಕಾರಲ್ಲಿ ಕೂತು ಆಟ ಆಡ್ತೀರಿ' ಅಂತಲಾ?" ಉದಾ ಅಂಗಳದ ಕಡೆಯೇ ನೋಡುತ್ತಿದ್ದರು. "ಮೊದಲನೇ ಸಲ ನೋಡಿದಾಗ ನನಗೂ ಸಿಟ್ಟು ಬಂತು. ಆಮೇಲೆ ದಿನಾ ನೋಡಿದೆ. ನೋಡು, ಈಗ ಮೂರಕ್ಕೆ ಹಾಕಿದ್ರು. ಈ ಹೊತ್ತಿಗೆ ದಿನಾ ಘಟ್ಟ ಮುಗಿಸಿ ಬಯಲಿಗೆ ಬರ್ತಾರೆ. ಹೇಳಿದ್ರೆ ನಾಳೆಯಿಂದ ಆ ಸೀಟಲ್ಲಿ ಕೂರಲ್ಲ ಅವರು. ಮತ್ತೆ ಜನ್ಮದಲ್ಲಿ ಕೂರಲ್ಲ."

"ಹೇಳದೆ ಇದ್ರೆ ನೀವು ಹೋಗ್ತೀರಿ."

"ನಾನು ಹೋದ್ರೆ ಸರೋವರದ ದಂಡೆ ಇದೆ. ಅವರಿಗೆ ಇನ್ನೆಲ್ಲಿದೆ?"

ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು, ಕಾಲಿಗೂ ಬೀಳಬೇಕು ಅನ್ನಿಸಿತು. ಎರಡನ್ನೂ ಮಾಡದೆ ಮನೆಗೆ ಬಂದೆ. ಮಾಮನ ಮಾನ ಉಳಿಸಿದರೆ ಗಂಡ ಹೋಗುತ್ತಾನೆ, ಗಂಡನನ್ನು ಉಳಿಸಿಕೊಂಡರೆ ಮಾಮನ ಮಾನ ಹೋಗುತ್ತದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಮಧ್ಯಾಹ್ನದ ಅಡುಗೆ ಮಾಡಿದೆ.

ಊಟವಾದ ಮೇಲೆ ಚಾಪೆ ಹಾಸಿದೆವು. ದಾತುಕ್ ಮಾಮ ಗೋಡೆಗೆ ಒರಗಿ ಕೂತರು, ಉದಾ ಬಾಗಿಲ ಕಡೆ, ಅಮಾಕ್, ಅಕ್ಕ ಮತ್ತು ನಾನು ಅಡುಗೆಮನೆಯ ಕಡೆ. ಎಲೆ ಅಡಿಕೆ ಮುಂದಿಟ್ಟು ಮಾಮ ಮನೆತನ, ಆಸ್ತಿ, ಒಗ್ಗಟ್ಟು ಎಂದು ದೂರದಿಂದ ಸುತ್ತಿ ಬಂದು, ಬಾಸೋ ಪೇಟೆಯ ಡ್ರೈವರ್ ಹತ್ತಿರ ನಿಂತರು. ಯಾರ ಹೆಸರನ್ನೂ ಎತ್ತಲಿಲ್ಲ. ಉದಾ ಜೇಬಿನಿಂದ ಕೀಲಿ ತೆಗೆದು ಎಲೆಯ ತಟ್ಟೆಯ ಪಕ್ಕ ಇಟ್ಟರು.

"ಮಾಮನ ಮಾತು ಸರಿ ಇದೆ," ಎಂದರು.

ಎಲ್ಲ ಹೇಳಿಬಿಡುತ್ತೇನೆ ಎಂದೇ ಬಾಯಿ ತೆರೆದೆ. ಬೆಳಗ್ಗೆ ಸ್ಟೇರಿಂಗ್ ಹಿಡಿದಿದ್ದ ಮಾಮನ ಕೈಗಳು ಈಗ ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದಿದ್ದವು. ಚರ್ಮ ಸುಕ್ಕಾದ ಕೈ. ನನ್ನ ಮಾತು ಅಲ್ಲೇ ದಾರಿ ಬದಲಿಸಿತು.

"ಮಾಮ, ಡ್ರೈವರ್ ಬರ್ಲಿ, ಬೇಡ ಅನ್ನಲ್ಲ. ಒಂದು ವಿಷಯ ಮಾತ್ರ ನಿಮ್ಮ ಕಿವಿಗೆ ಹಾಕ್ಬೇಕು. ಈ ಟರ್ಬೊ ಇಂಜಿನ್ನು ನಮ್ಮ ಹಳೇ ಗಾಡಿಗಳ ಥರ ಅಲ್ವಂತೆ. ನಿಂತಲ್ಲಿ ಇದಕ್ಕೆ ಬಿಸಿ ಹತ್ತೋದೇ ಇಲ್ಲ, ಪೆಟ್ರೋಲು ಮಾತ್ರ ಹೋಗುತ್ತೆ. ಮೆಲ್ಲಗೆ ಉರುಳ್ತಾ ಉರುಳ್ತಾ ಬಿಸಿ ಆಗಬೇಕಂತೆ."

ಮಾಮ ನನ್ನನ್ನೇ ನೋಡಿದರು. ನಾನು ಚಾಪೆಯ ಅಂಚು ನೋಡುತ್ತ ಮುಂದುವರಿಸಿದೆ.

"ಬೆಳಗ್ಗೆ ಯಾರಾದ್ರೂ ಮಸೀದಿ ತನಕ ಉರುಳಿಸ್ಕೊಂಡು ಹೋಗಿ ಬಂದ್ರೆ ಸಾಕು. ಕೂಲಿ ಡ್ರೈವರ್ ಅಷ್ಟು ಹೊತ್ತಿಗೆ ಎಲ್ಲಿ ಬರ್ತಾನೆ. ಮನೆತನದ ಗಾಡಿ, ಮನೆತನದವರೇ ಮುಟ್ಟಿದ್ರೆ ಚೆಂದ. ಮಾಮ ಬಿಟ್ರೆ ಇನ್ಯಾರಿದಾರೆ? ಪಕ್ಕದಲ್ಲಿ ಕೂತ್ಕೊಳ್ಳೋಕೆ ಮಾತ್ರ ಒಬ್ರು ಬೇಕು."

ಅಮಾಕ್ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದಳು. ಮಾಮನ ಮುಖದ ಬಣ್ಣ ಇಳಿಯಿತು, ಮತ್ತೆ ಏರಿತು. ಎಲ್ಲವೂ ಅವರಿಗೆ ತಿಳಿದುಹೋಗಿತ್ತು. ಅವರು ಉದಾನ ಕಡೆ ತಿರುಗಿದರು.

"ಕಾಫಿ ಅಂಗಡಿ ಮೂಲೆ ಬೆಂಚಿಂದ ನಮ್ಮ ಅಂಗಳ ಕಾಣುತ್ತಾ ಸುತಾನ್?"

"ಬೆಳಗ್ಗೆ ಮಂಜು ಇರುತ್ತೆ ಮಾಮ," ಎಂದರು ಉದಾ. "ಏನೂ ಕಾಣಲ್ಲ."

ಆ ತಿಂಗಳು ಒಂದು ದಿನವೂ ಮಂಜು ಬಿದ್ದಿರಲಿಲ್ಲ. ಚಾಪೆಯ ಮೇಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಮಾಮ ಕೀಲಿಯನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅದನ್ನು ಉದಾನ ಮುಂದೆ ಇಟ್ಟು, "ಅಷ್ಟು ಮಂಜಲ್ಲಿ ಒಬ್ಬನೇ ಹೋಗೋದು ತಪ್ಪು," ಎಂದು ಎದ್ದು ಕೈತೊಳೆಯಲು ಹೋದರು.

ಮರುದಿನ ಬೆಳಗಿನ ನಮಾಜಿಗೆ ಹೊರಟೆವು. ಮಾಮ ಸ್ಟೇರಿಂಗಿನ ಹಿಂದೆ, ಉದಾ ಪಕ್ಕದಲ್ಲಿ, ನಮಾಜಿನ ಬಿಳೀ ನಿಲುವಂಗಿ ಹೊದ್ದು ಅಮಾಕ್ ಮತ್ತು ನಾನು ಹಿಂದೆ. ಗೇಟು ದಾಟುವ ಮುಂಚೆ ಇಂಜಿನ್ನು ಮೂರು ಸಲ ಸತ್ತಿತು. ಅಮಾಕ್ ಒಂದೊಂದು ಸಲವೂ ಒಂದೊಂದು ದುವಾ ಓದಿದಳು. "ಕ್ಲಚ್ಚು ಮೆಲ್ಲಗೆ ಬಿಡಿ ಮಾಮ, ಕೋಳಿಮರಿ ನೆಲಕ್ಕೆ ಬಿಟ್ಟ ಹಾಗೆ," ಎಂದರು ಉದಾ. ನಾಲ್ಕನೇ ಸಲ ಕಾರು ಉರುಳಿತು. ಒಂದನೇ ಗೇರು, ಎರಡನೇ ಗೇರು, ಅದಕ್ಕಿಂತ ಮೇಲೆ ಹೋಗಲಿಲ್ಲ. ದಾರಿಯ ನಾಯಿ ಕೂಡ ನಮಗಿಂತ ಮುಂದೆ ಹೋಯಿತು. ಮಸೀದಿಯ ಬಾಗಿಲಲ್ಲಿ ಮಾಮ ಬ್ರೇಕು ಒತ್ತಿದರು, ಕ್ಲಚ್ಚು ಮರೆತರು. ಕಾರು ಕುಪ್ಪಳಿಸಿ ನಿಂತಿತು.

ಕಾಲು ತೊಳೆಯುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಜಮ್ರಿ ಮುಂದೆ ಬಂದು ಗಾಜಿನೊಳಗೆ ಇಣುಕಿದ. ಡ್ರೈವರ್ ಸೀಟಿನಲ್ಲಿ ದಾತುಕ್‌ರನ್ನು ಕಂಡು ಅವನ ಬಾಯಿ ಒಂದು ಗಳಿಗೆ ಕಟ್ಟಿತು, ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ.

"ಏನ್ ದಾತುಕ್, ಪೆಟ್ರೋಲು ಮುಗೀತಾ? ಸುತಾನ್ ಮತ್ತೆ ಖಾಲಿ ಮಾಡಿಟ್ರಾ?"

ಉದಾ ಏನೋ ಹೇಳಲು ಹೊರಟರು. ಮಾಮ ಎಡಗೈಯನ್ನು ಅವರ ಮೊಣಕಾಲಿನ ಮೇಲೆ ಇಟ್ಟು ತಡೆದರು. ಆಮೇಲೆ ಗಾಜು ಇಳಿಸಿದರು, ಪೂರ್ತಿ ಇಳಿಸಿದರು.

"ಪೆಟ್ರೋಲು ಇದೆ ಜಮ್ರಿ," ಎಂದರು, ನಲ್ಲಿಗಳ ತನಕ ಕೇಳುವ ದನಿಯಲ್ಲಿ. "ಇಷ್ಟು ದಿನ ಅದನ್ನ ಕುಡಿದೋನು ನಾನು. ನನಗೆ ಗಾಡಿ ಓಡಿಸೋಕೆ ಬರಲ್ಲ. ಸುತಾನ್ ಕಲಿಸಿಕೊಡ್ತಾ ಇದಾರೆ."

ಕಾಲು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸುವುದನ್ನೂ ಮರೆತರು. ಮಾಮ ಯಾರ ಮುಖವನ್ನೂ ನೋಡಲಿಲ್ಲ. ಬೆವತ ಕೈಗಳನ್ನು ಲುಂಗಿಗೆ ಒರೆಸಿಕೊಂಡು, ಮತ್ತೆ ಸ್ಟೇರಿಂಗ್ ಹಿಡಿದು, ಎಲ್ಲರೆದುರಿಗೇ ಉದಾನನ್ನು ಕೇಳಿದರು:

"ಈಗ ಏನು ಒತ್ತಬೇಕು?"